ಸಂತಾನದ ಮಾತು ಮೊದಲೇ ಆಗಲಿ

‘ಅಂಥವರಿಗೆ ಮಕ್ಕಳ ಗೊಡವೆ ಯಾಕೆ?’ ಈ ಮಾತನ್ನು ನಾನು ಮಂಜೇಶ್ವರದಲ್ಲೂ ಕೇಳಿದ್ದೇನೆ, ಬದಿಯಡ್ಕದಲ್ಲೂ ಕೇಳಿದ್ದೇನೆ. ಹೇಳಿದವರು ಓದುಬರಹವಿಲ್ಲದವರಲ್ಲ. ಸಭೆಗಳಲ್ಲಿ ಮುಂದಿನ ಸಾಲಿನಲ್ಲಿ ಕೂರುವವರು, ಗಡಿನಾಡಿನ ಕನ್ನಡಿಗರಿಗಾದ ಅನ್ಯಾಯದ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲವರು. ಹುಟ್ಟಿನಲ್ಲಿ ಬರೆಸಿದ ಲಿಂಗ ತಮ್ಮದಲ್ಲವೆಂದು ಕಂಡುಕೊಂಡು, ಔಷಧಿಯಿಂದಲೋ ಶಸ್ತ್ರಚಿಕಿತ್ಸೆಯಿಂದಲೋ ಮೈಯನ್ನು ಮನಸ್ಸಿಗೆ ಹೊಂದಿಸಿಕೊಳ್ಳಲು ಹೊರಟವರ ಕುರಿತು ಆಡಿದ ಮಾತದು. ಅದರಲ್ಲಿ ದ್ವೇಷಕ್ಕಿಂತ ಉದಾಸೀನವೇ ಹೆಚ್ಚು. ಆ ಉದಾಸೀನದ ವಿರುದ್ಧ ಈ ಲೇಖನ.

ನನ್ನ ವಾದ ಇಷ್ಟೆ. ಲಿಂಗ ಪರಿವರ್ತನೆಯ ಚಿಕಿತ್ಸೆಗೆ ಹೋಗುವ ಪ್ರತಿಯೊಬ್ಬರಿಗೂ ಮೊದಲ ಮಾತ್ರೆ, ಮೊದಲ ಇಂಜೆಕ್ಷನ್ ಕೊಡುವ ಮುನ್ನವೇ ಒಂದು ಪ್ರಶ್ನೆಯನ್ನು ಕೇಳಬೇಕು: ‘ಮುಂದೆಂದಾದರೂ ನಿಮಗೆ ನಿಮ್ಮದೇ ಒಂದು ಮಗು ಬೇಕೆನಿಸಬಹುದೆ? ಆ ದಾರಿಯನ್ನು ತೆರೆದಿಡಲು ಇಂತಿಂಥ ಉಪಾಯಗಳಿವೆ.’ ಈ ಪ್ರಶ್ನೆಯನ್ನು ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಕೇಳಬೇಕು. ‘ಬೇಕು’ ಎಂದವರಿಗೆ ಕಾನೂನು ಅಡ್ಡ ಬರಬಾರದು. ‘ಬೇಡ’ ಎಂದವರನ್ನು ಅವರ ಪಾಡಿಗೆ ಬಿಡಬೇಕು.

ಕನ್ನಡದಲ್ಲಿ ಈ ಜನರಿಗೆ ಇಂದು ಗೌರವದಿಂದ ಬಳಸುವ ಹೆಸರು ‘ಲಿಂಗತ್ವ ಅಲ್ಪಸಂಖ್ಯಾತರು’. ಓದುಗರು ಆ ಎರಡನೆಯ ಪದದ ಮೇಲೆ ಒಂದು ನಿಮಿಷ ನಿಲ್ಲಬೇಕು. 1956ರ ನವೆಂಬರ್ 1ರಿಂದ ನಾವು ಕಾಸರಗೋಡಿನ ಕನ್ನಡಿಗರು ನಮ್ಮ ಅರ್ಜಿ, ನಿವೇದನೆಗಳಲ್ಲಿ ಬಳಸುತ್ತ ಬಂದಿರುವ ಪದವೂ ಅದೇ. ಅಲ್ಪಸಂಖ್ಯಾತ ಎಂದರೇನೆಂದು ನಮಗೆ ಯಾರೂ ಪಾಠ ಹೇಳಿಕೊಡಬೇಕಾಗಿಲ್ಲ. ನಮ್ಮ ಕುರಿತಾದ ತೀರ್ಮಾನವನ್ನು ನಮ್ಮನ್ನು ಕೇಳದೆ ಮಾಡುವುದು, ಮಾಡಿದ ಮೇಲೆ ನಮಗೆ ಓದಲು ಬಾರದ ಲಿಪಿಯಲ್ಲಿ ತಿಳಿಸುವುದು, ಆಕ್ಷೇಪಿಸಿದರೆ ‘ನಿಮ್ಮ ಸಂಖ್ಯೆಯೆಷ್ಟು’ ಎಂದು ಕೇಳುವುದು. ಇವು ಮೂರನ್ನೂ ನಾವು ಉಂಡಿದ್ದೇವೆ. ನಮ್ಮದೇ ಮನೆಗಳಲ್ಲಿ ಇನ್ನೊಂದು ಬಗೆಯ ಅಲ್ಪಸಂಖ್ಯಾತರು ಹುಟ್ಟಿದಾಗ ಅದೇ ಮೂರನ್ನು ನಾವು ಅವರಿಗೆ ಬಡಿಸುವುದು ಯಾವ ನ್ಯಾಯ?

ಇದು ಬರಿಯ ತತ್ವದ ಮಾತಲ್ಲ. ಕೆಲವು ವರ್ಷಗಳ ಹಿಂದೆ ಪರಿಚಯದ ಕುಟುಂಬದವರೊಬ್ಬರು ಆಸ್ಪತ್ರೆಯ ಕಾಗದಗಳ ಕಟ್ಟನ್ನು ಹಿಡಿದುಕೊಂಡು ನನ್ನಲ್ಲಿಗೆ ಬಂದಿದ್ದರು. ಊರಿನಲ್ಲಿ ಎಲ್ಲರೂ ಗಂಡುಹುಡುಗನೆಂದು ತಿಳಿದಿದ್ದ ಅವರ ಮಗಳು ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡಿಕೊಂಡಿದ್ದಳು. ‘ಇದರಲ್ಲಿ ಏನು ಬರ್ದಿದ್ದಾರೆ ಅಂತ ಒಮ್ಮೆ ಓದಿ ಹೇಳಿ ಮಾಷ್ಟ್ರೇ, ಸಹಿ ಹಾಕ್ಲಿಕ್ಕುಂಟು’ ಎಂದರು ತಾಯಿ. ಕಾಗದವೆಲ್ಲ ಇಂಗ್ಲಿಷಿನಲ್ಲಿತ್ತು, ಸಹಿಯ ಜಾಗದ ಮೇಲೆ ಮಲಯಾಳದಲ್ಲಿ ಎರಡು ಸಾಲು. ನಡುವಿನ ಒಂದು ಪುಟದಲ್ಲಿ, ರಕ್ತಸ್ರಾವ, ಸೋಂಕು ಇತ್ಯಾದಿ ಅಪಾಯಗಳ ಪಟ್ಟಿಯಲ್ಲಿ ಐದೋ ಆರೋ ಪದಗಳ ಒಂದು ಸಾಲಿತ್ತು: ಈ ಶಸ್ತ್ರಚಿಕಿತ್ಸೆಯಿಂದ ಶಾಶ್ವತವಾಗಿ ಸಂತಾನಶಕ್ತಿ ಹೋಗುತ್ತದೆ. ಅದನ್ನು ಕನ್ನಡದಲ್ಲಿ ಹೇಳಿದಾಗ ತಾಯಿ ಮಗಳ ಮುಖ ನೋಡಿದರು. ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮೊದಲೇ ಏನಾದ್ರೂ ತೆಗೆದಿಡ್ಲಿಕ್ಕೆ ಆಗ್ತಿತ್ತಾ ಮಾಷ್ಟ್ರೇ?’ ಎಂದು ಕೇಳಿದಳು. ಹಾರ್ಮೋನ್ ತೆಗೆದುಕೊಳ್ಳಲು ಆರಂಭಿಸಿ ಆಗಲೇ ಎರಡು ವರ್ಷ ಕಳೆದಿತ್ತು.

ಆಗುತ್ತಿತ್ತು. ಅದನ್ನು ಯಾರೂ ಅವಳಿಗೆ ಹೇಳಿರಲಿಲ್ಲ. ಅವಳು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಳು, ಈಗ ನೆಮ್ಮದಿಯಿಂದಿದ್ದಾಳೆ. ಮಗು ಬೇಕೆಂದು ಅವಳು ಅಂದು ಹೇಳುತ್ತಿದ್ದಳೋ ಇಲ್ಲವೋ ಅದು ಅವಳಿಗೆ ಸಂಬಂಧಪಟ್ಟದ್ದು. ಆದರೆ ಆರಿಸಿಕೊಳ್ಳುವ ಸಂದರ್ಭವೇ ಅವಳಿಗೆ ಬರಲಿಲ್ಲವಲ್ಲ ಎಂಬುದು ನನ್ನ ಆಕ್ಷೇಪ.

ವೈದ್ಯಶಾಸ್ತ್ರ ಇದರ ಬಗ್ಗೆ ಏನು ಹೇಳುತ್ತದೆಂಬುದನ್ನು ಮನೆಮಂದಿ ಓದಿ ತಿಳಿಯುವಂತೆ ಇಲ್ಲಿ ಬರೆಯುತ್ತೇನೆ. ಇಂಥ ಮಾತನ್ನು ಸಾಹಿತ್ಯದ ವಾರ್ಷಿಕದಲ್ಲಿ ಬರೆಯಬೇಕೆ ಎಂದು ಮುಖ ಸಿಂಡರಿಸುವವರಿಗೆ ನನ್ನ ಉತ್ತರ: ಬೇರೆಲ್ಲಿ ಕನ್ನಡದಲ್ಲಿ ಬರೆದಿದ್ದಾರೆ, ತೋರಿಸಿ.

ಹುಟ್ಟಿನಲ್ಲಿ ಗಂಡೆಂದು ಬರೆಸಲ್ಪಟ್ಟು ಹೆಣ್ಣಾಗಿ ಬಾಳುವ ಟ್ರಾನ್ಸ್ ಮಹಿಳೆಯರು ಈಸ್ಟ್ರೋಜನ್ ಹಾರ್ಮೋನನ್ನೂ ಗಂಡು ಹಾರ್ಮೋನನ್ನು ತಡೆಯುವ ಔಷಧಿಯನ್ನೂ ತೆಗೆದುಕೊಳ್ಳುತ್ತಾರೆ. ಇದರಿಂದ ವೃಷಣಗಳಲ್ಲಿ ವೀರ್ಯಾಣುಗಳ ಉತ್ಪತ್ತಿ ಕುಗ್ಗುತ್ತದೆ. ಔಷಧಿ ನಿಲ್ಲಿಸಿದರೆ ಕೆಲವರಲ್ಲಿ ಅದು ಮರಳಬಹುದು, ಕೆಲವರಲ್ಲಿ ಮರಳದಿರಬಹುದು. ಮುಂಚಿತವಾಗಿ ಹೇಳಲು ಬಾರದು. ವೃಷಣಗಳನ್ನು ತೆಗೆದುಬಿಟ್ಟರೆ ಆ ಮಾತು ಮುಗಿಯಿತು. ಆದ್ದರಿಂದ ಹಾರ್ಮೋನ್ ಆರಂಭಿಸುವ ಮೊದಲೇ ವೀರ್ಯವನ್ನು ಶೈತ್ಯೀಕರಿಸಿ ಇಡುವುದು ಎಲ್ಲಕ್ಕಿಂತ ಸುಲಭದ, ಕಡಿಮೆ ಖರ್ಚಿನ ದಾರಿ. ವೀರ್ಯವನ್ನು ತಾವಾಗಿ ಕೊಡಲು ಆಗದವರಿಗೆ, ಅಥವಾ ಆ ಕ್ರಿಯೆಯೇ ಮನಸ್ಸಿಗೆ ಹಿಂಸೆಯೆನಿಸುವವರಿಗೆ, ವೃಷಣದಿಂದ ಚಿಕ್ಕ ಶಸ್ತ್ರಕ್ರಿಯೆಯ ಮೂಲಕ ತೆಗೆಯುವ ಉಪಾಯವೂ ಇದೆ. ಹೀಗೆ ಶೈತ್ಯೀಕರಿಸಿದ ವೀರ್ಯದಿಂದ ಗರ್ಭಧಾರಣೆಯಾಗುತ್ತದೆಂದು ಅಮೆರಿಕದಲ್ಲಿ 1953ರಲ್ಲೇ ತೋರಿಸಿದ್ದರು. ಇದು ನಿನ್ನೆಮೊನ್ನೆಯ ಮಾಯಾವಿದ್ಯೆಯಲ್ಲ.

ಹುಟ್ಟಿನಲ್ಲಿ ಹೆಣ್ಣೆಂದು ಬರೆಸಲ್ಪಟ್ಟು ಗಂಡಾಗಿ ಬಾಳುವ ಟ್ರಾನ್ಸ್ ಪುರುಷರ ದಾರಿ ಇದಕ್ಕಿಂತ ಕಷ್ಟದ್ದು. ಟೆಸ್ಟೋಸ್ಟೆರೋನ್ ಆರಂಭಿಸಿದ ಕೆಲವು ತಿಂಗಳಲ್ಲಿ ಮುಟ್ಟು ನಿಲ್ಲುತ್ತದೆ. ಮುಟ್ಟು ನಿಂತ ಮಾತ್ರಕ್ಕೆ ಸಂತಾನಶಕ್ತಿ ಹೋಯಿತೆಂದು ತಿಳಿಯುವುದು ತಪ್ಪು. ಆ ಔಷಧಿಯ ನಡುವೆಯೇ ಗರ್ಭ ನಿಂತ ಉದಾಹರಣೆಗಳಿವೆ, ಅದನ್ನು ನಿಲ್ಲಿಸಿದ ಮೇಲೆ ಹೆತ್ತವರೂ ಇದ್ದಾರೆ. ಅಂಡಾಶಯಗಳನ್ನು ತೆಗೆದರೆ ಮಾತ್ರ ಹಿಂದಕ್ಕೆ ಬರಲಾಗದು. ಅದಕ್ಕೆ ಮೊದಲು ಅಂಡಾಣುಗಳನ್ನು ತೆಗೆದಿರಿಸಬೇಕಾದರೆ ಸುಮಾರು 10ರಿಂದ 14 ದಿನ ಇಂಜೆಕ್ಷನ್ ತೆಗೆದುಕೊಳ್ಳಬೇಕು, ಆಗಾಗ ಸ್ಕ್ಯಾನಿಂಗ್ ಮಾಡಿಸಬೇಕು, ಕೊನೆಗೆ ಅರಿವಳಿಕೆ ಕೊಟ್ಟು ಸೂಜಿಯಿಂದ ಅಂಡಾಣುಗಳನ್ನು ಎಳೆಯುತ್ತಾರೆ. ಗಂಡಾಗಿ ಬಾಳುವ ಮನುಷ್ಯ ಹೆರಿಗೆ ವಿಭಾಗದ ಬೆಂಚಿನ ಮೇಲೆ ತನ್ನ ಸರದಿಗಾಗಿ ಕೂರಬೇಕು. ಆ ಸಂಕಟ ಏನೆಂದು ಅರಿತ ವೈದ್ಯರು ಅವರಿಗೆ ಬೇರೆ ಹೊತ್ತು ಗೊತ್ತುಮಾಡುತ್ತಾರೆ, ಹೆಣ್ಣು ಹಾರ್ಮೋನ್ ಏರದಂತೆ ಬೇರೊಂದು ಮಾತ್ರೆಯನ್ನು ಜೊತೆಗೆ ಕೊಡುತ್ತಾರೆ. ಅಂಡಾಣುವನ್ನು ಸಂಗಾತಿಯ ಅಥವಾ ದಾನಿಯ ವೀರ್ಯದೊಡನೆ ಸೇರಿಸಿ ಭ್ರೂಣವನ್ನಾಗಿ ಇಡುವುದು ಇನ್ನೊಂದು ದಾರಿ. ಅಂಡಾಶಯದ ಚೂರೊಂದನ್ನೇ ತೆಗೆದು ಇಡುವುದು ಮತ್ತೊಂದು. 2019ರಲ್ಲಿ ಅಮೆರಿಕದ ಸಂತಾನವೈದ್ಯರ ಸಂಘ ಅದನ್ನು ಪ್ರಯೋಗವೆಂಬ ಪಟ್ಟಿಯಿಂದ ಹೊರಗೆ ತಂದಿತು. ಗರ್ಭಕೋಶವನ್ನೂ ಅಂಡಾಶಯವನ್ನೂ ಸದ್ಯಕ್ಕೆ ಹಾಗೆಯೇ ಉಳಿಸಿಕೊಳ್ಳುವುದು ನಾಲ್ಕನೆಯದು. ಇದಕ್ಕೆ ಯಾವ ಯಂತ್ರವೂ ಬೇಡ, ತಿಳುವಳಿಕೆ ಸಾಕು.

ಇವುಗಳಲ್ಲಿ ಯಾವುದೂ ಮಗುವಿನ ಖಾತರಿಯಲ್ಲ. ತೆಗೆದಿಟ್ಟ ಅಂಡಾಣುಗಳೆಲ್ಲ ಬದುಕುವುದಿಲ್ಲ, ಬದುಕಿದ್ದೆಲ್ಲ ಗರ್ಭವಾಗುವುದಿಲ್ಲ. ಖರ್ಚೂ ಇದೆ. ವೀರ್ಯಕ್ಕೆ ಸಾವಿರಗಳ ಲೆಕ್ಕ, ಅಂಡಾಣುವಿಗೆ ಲಕ್ಷದ ಮೇಲಿನ ಲೆಕ್ಕ, ಇಟ್ಟಷ್ಟು ವರ್ಷವೂ ಬಾಡಿಗೆ. ಇದನ್ನೆಲ್ಲ ಬಿಚ್ಚಿ ಹೇಳಿದ ಮೇಲೆ ‘ನನಗೆ ಬೇಡ’ ಎನ್ನುವವರು ಅನೇಕರಿರಬಹುದು. ಹಾಗೆ ಹೇಳುವುದೂ ಒಂದು ತೀರ್ಮಾನವೇ. ಲಿಂಗ ಪರಿವರ್ತನೆಯ ಆರೈಕೆಗೆ ಜಗತ್ತು ನೋಡುವ ಅಂತಾರಾಷ್ಟ್ರೀಯ ಮಾರ್ಗಸೂಚಿಯ 2022ರ ಎಂಟನೆಯ ಆವೃತ್ತಿ ಚಿಕಿತ್ಸೆಗೆ ಮೊದಲೇ ಈ ಮಾತುಕತೆ ಆಗಬೇಕೆಂದು ಹೇಳುತ್ತದೆ. ಅದಕ್ಕೂ ಮೊದಲು 2017ರಲ್ಲಿ ಅಮೆರಿಕದ ಹಾರ್ಮೋನ್ ತಜ್ಞರ ಸಂಘ ಅದನ್ನೇ ಹೇಳಿತ್ತು.

ವೀರ್ಯವನ್ನು ಮಂಜುಗಟ್ಟಿಸಿ ಇಡುವುದೆಂದರೆ ಏನೆಂದು ಕೇಳುವವರು ಹತ್ತಿರದ ಮೃಗಾಸ್ಪತ್ರೆಗೆ ಹೋಗಿ ನೋಡಬಹುದು. ಮೂಲೆಯಲ್ಲಿರುವ ಆ ಕ್ಯಾನಿನೊಳಗೆ ದ್ರವ ಸಾರಜನಕವಿದೆ, ಶೂನ್ಯಕ್ಕಿಂತ 196 ಡಿಗ್ರಿ ಕೆಳಗೆ. ನಮ್ಮ ಹಟ್ಟಿಯ ದನ ಬೆದೆಗೆ ಬಂದಾಗ ಕೊಡಿಸುವ ‘ಇಂಜೆಕ್ಷನ್’ ಆ ಕ್ಯಾನಿನಿಂದಲೇ ಬರುವುದು. ಬದಿಯಡ್ಕದ ಬಳಿ ಬೇಳದಲ್ಲಿ ಕಾಸರಗೋಡಿನ ಗಿಡ್ಡ ತಳಿಯ ದನಗಳನ್ನು ಉಳಿಸಲೆಂದೇ ಸರಕಾರ ಒಂದು ಕೇಂದ್ರವನ್ನು ನಡೆಸುತ್ತದೆ. ಒಳ್ಳೆಯದೇ, ಆ ದನಗಳು ಈ ಮಣ್ಣಿನವು, ಉಳಿಯಬೇಕು. ಮನುಷ್ಯರನ್ನು ದನಗಳಿಗೆ ಹೋಲಿಸುವುದು ನನ್ನ ಉದ್ದೇಶವಲ್ಲ. ಹೋರಿಯ ಸಂತಾನವನ್ನು ಕಾಪಿಡುವ ವಿದ್ಯೆ ಅರ್ಧ ಶತಮಾನದಿಂದ ಹಳ್ಳಿಯ ಬಾಗಿಲಿಗೆ ಬಂದು ನಿಂತಿರುವಾಗ, ಅದೇ ವಿದ್ಯೆಯನ್ನು ಮನೆಯ ಮಗುವಿಗಾಗಿ ಕೇಳಿದರೆ ‘ಪ್ರಕೃತಿ ವಿರುದ್ಧ’ ಎಂದು ಹೌಹಾರುವುದು ಏಕೆ ಎಂದಷ್ಟೇ ನನ್ನ ಪ್ರಶ್ನೆ.

ಇನ್ನು ಕಾನೂನಿನ ಕಡೆ ಬರೋಣ. ಇಲ್ಲಿ ನನ್ನ ಸಿಟ್ಟು ಹೆಚ್ಚು.

2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ನಾಲ್ಸಾ ಪ್ರಕರಣದಲ್ಲಿ ಚಾರಿತ್ರಿಕ ತೀರ್ಪು ಕೊಟ್ಟಿತು. ತನ್ನ ಲಿಂಗತ್ವವೇನೆಂದು ಹೇಳುವ ಹಕ್ಕು ಆ ವ್ಯಕ್ತಿಯದೇ ಎಂದಿತು. ಲಿಂಗತ್ವವನ್ನು ಕಾನೂನಿನಲ್ಲಿ ಒಪ್ಪಿಸಿಕೊಳ್ಳಲು ಶಸ್ತ್ರಚಿಕಿತ್ಸೆಯನ್ನಾಗಲಿ ಸಂತಾನಹರಣವನ್ನಾಗಲಿ ಷರತ್ತಾಗಿ ಹೇರಬಾರದೆಂದೂ ಹೇಳಿತು. ಮರುವರ್ಷ, 2015ರಲ್ಲಿ, ದೇಶದಲ್ಲೇ ಮೊದಲಿಗೆ ಕೇರಳ ತನ್ನದೊಂದು ಟ್ರಾನ್ಸ್‌ಜೆಂಡರ್ ನೀತಿಯನ್ನು ಹೊರಡಿಸಿತು. 2018ರಲ್ಲಿ ಶಸ್ತ್ರಚಿಕಿತ್ಸೆಗೆ 2 ಲಕ್ಷ ರೂಪಾಯಿಯವರೆಗೆ ನೆರವು ಘೋಷಿಸಿತು. ಕೇರಳ ಸರಕಾರದ ಬಗ್ಗೆ ನಮ್ಮ ಗಡಿನಾಡಿನ ದೂರುಗಳು ಸಾವಿರವಿರಲಿ, ಈ ಹೆಜ್ಜೆಗಳನ್ನು ಮೆಚ್ಚಬೇಕಾದದ್ದೇ.

ಆಮೇಲೆ ಕೇಂದ್ರದ ಕಾಯ್ದೆಗಳು ಬಂದವು. 2019ರಲ್ಲಿ ಸಂಸತ್ತು ಅಂಗೀಕರಿಸಿದ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ಸಂರಕ್ಷಣಾ ಕಾಯ್ದೆ, ಜಿಲ್ಲಾಧಿಕಾರಿಯಿಂದ ಗಂಡು ಅಥವಾ ಹೆಣ್ಣು ಎಂಬ ಪ್ರಮಾಣಪತ್ರ ಬೇಕಾದವರು ಶಸ್ತ್ರಚಿಕಿತ್ಸೆಯ ದಾಖಲೆ ತರಬೇಕೆಂದು ವಿಧಿಸಿತು. ಅದೇ ಕಾಯ್ದೆಯ 15ನೆಯ ಕಲಮು ಹಾರ್ಮೋನ್ ಮತ್ತು ಶಸ್ತ್ರಚಿಕಿತ್ಸೆಯ ಸೌಲಭ್ಯ, ಅದರ ಹಿಂದುಮುಂದಿನ ಸಲಹೆ, ವಿಮೆ ಎಲ್ಲವನ್ನೂ ಸರಕಾರಗಳು ಒದಗಿಸಬೇಕೆಂದಿತು. ಸಂತಾನವನ್ನು ಕಾಪಿಡುವ ಬಗ್ಗೆ ಒಂದು ಪದವೂ ಅಲ್ಲಿ ಬರಲಿಲ್ಲ.

2021ರಲ್ಲಿ ಕೃತಕ ಸಂತಾನ ತಂತ್ರಜ್ಞಾನ ನಿಯಂತ್ರಣ ಕಾಯ್ದೆ ಅಂಗೀಕಾರವಾಗಿ, 2022ರ ಜನವರಿ 25ರಂದು ಜಾರಿಗೆ ಬಂತು. ಚಿಕಿತ್ಸಾಲಯಗಳ ಲಂಗುಲಗಾಮಿಲ್ಲದ ವ್ಯಾಪಾರಕ್ಕೆ ಕಡಿವಾಣ ಬೇಕಿತ್ತು, ಒಪ್ಪೋಣ. ಆದರೆ ಆ ಕಾಯ್ದೆ ಯಾರನ್ನು ಮನುಷ್ಯರೆಂದು ಗಣಿಸಿತು? ಮಕ್ಕಳಾಗದ ಮದುವೆಯಾದ ದಂಪತಿಯನ್ನು, ಮತ್ತು 21 ವರ್ಷ ದಾಟಿದ ಮಹಿಳೆಯನ್ನು. ಟ್ರಾನ್ಸ್ ಎಂಬ ಪದ ಅದರಲ್ಲಿಲ್ಲ. ಅದರ ಜೊತೆಗೇ ಬಂದ ಬಾಡಿಗೆ ತಾಯ್ತನದ ಕಾಯ್ದೆ ದಂಪತಿಗಳನ್ನು ಬಿಟ್ಟರೆ 35ರಿಂದ 45 ವರ್ಷದ ವಿಧವೆಗೆ ಅಥವಾ ವಿಚ್ಛೇದಿತೆಗೆ ಮಾತ್ರ ಬಾಗಿಲು ತೆರೆಯಿತು.

ಇದರ ಫಲವೇನೆಂದು ನೋಡಿ. ಗಂಡಾಗಿ ಬಾಳುವವನು ತನ್ನ ಕಾಗದಪತ್ರಗಳನ್ನು ತಿದ್ದಿಸಿಕೊಳ್ಳದೆ ‘ಹೆಣ್ಣು’ ಎಂದು ಚಿಕಿತ್ಸಾಲಯಕ್ಕೆ ಹೋದರೆ ಅಂಡಾಣುಗಳನ್ನು ಇಡಲು ದಾರಿಯಿದೆ. ಸತ್ಯ ಹೇಳಿ, ಸರಕಾರವೇ ಕೊಟ್ಟ ಪ್ರಮಾಣಪತ್ರ ತೋರಿಸಿದರೆ ಬಾಗಿಲು ಮುಚ್ಚುತ್ತದೆ. ಸತ್ಯವಂತನಿಗೆ ದಂಡ ವಿಧಿಸುವ ಕಾನೂನಿದು. ಟ್ರಾನ್ಸ್ ಮಹಿಳೆ ವೀರ್ಯವನ್ನು ಇಟ್ಟಳೆಂದೇ ಎಣಿಸೋಣ. ಮುಂದೊಂದು ದಿನ ಅವಳು ಗಂಡಸೊಬ್ಬನನ್ನು ಮದುವೆಯಾದರೆ ಅವರಿಗೆ ಅಂಡಾಣುವಿನ ದಾನಿಯೂ ಬೇಕು, ಗರ್ಭ ಹೊರುವವಳೂ ಬೇಕು. ಟ್ರಾನ್ಸ್ ವ್ಯಕ್ತಿ ತನ್ನ ಲಿಂಗತ್ವಕ್ಕನುಗುಣವಾಗಿ ಗಂಡು ಹೆಣ್ಣಿನ ಸಂಬಂಧದಲ್ಲಿದ್ದರೆ ಇರುವ ಕಾನೂನಿನಡಿಯಲ್ಲೇ ಮದುವೆಯಾಗಬಹುದೆಂದು 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟು ಹೇಳಿದೆ. ಮದುವೆಗೆ ಅನುಮತಿ, ಮಗುವಿನ ದಾರಿಗೆ ಬೇಲಿ.

ಈ ಬೇಲಿಯನ್ನು ಕೇರಳದವರೇ ಅಲುಗಾಡಿಸಿದ್ದಾರೆ. 2023ರ ಫೆಬ್ರವರಿಯಲ್ಲಿ ಕಲ್ಲಿಕೋಟೆಯ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಒಬ್ಬ ಟ್ರಾನ್ಸ್ ಪುರುಷ ಮಗುವನ್ನು ಹೆತ್ತ. ಅವನ ಸಂಗಾತಿ ಟ್ರಾನ್ಸ್ ಮಹಿಳೆ. ಹಾರ್ಮೋನ್ ಚಿಕಿತ್ಸೆಯನ್ನು ನಡುವೆ ನಿಲ್ಲಿಸಿ, ಇನ್ನೂ ತೆಗೆಸದೆ ಇದ್ದ ಗರ್ಭಕೋಶದಲ್ಲಿ ಅವನು ಆ ಮಗುವನ್ನು ಹೊತ್ತಿದ್ದ. ನಾನು ಮೇಲೆ ಹೇಳಿದ ನಾಲ್ಕನೆಯ ದಾರಿ ಇದು. ಜನನ ಪ್ರಮಾಣಪತ್ರದಲ್ಲಿ ತಂದೆ, ತಾಯಿ ಎಂಬ ಎರಡು ಕಲಮುಗಳು. ಹೆತ್ತವನು ತಂದೆ ಎನಿಸಿಕೊಳ್ಳುವವನು, ತಾಯಿ ಎನಿಸಿಕೊಳ್ಳುವವಳು ಹೆತ್ತಿಲ್ಲ. ಅವರು ಹೈಕೋರ್ಟಿಗೆ ಹೋದರು. 2025ರ ಜೂನ್ 2ರಂದು ನ್ಯಾಯಮೂರ್ತಿ ಸಿಯಾದ್ ರಹಮಾನ್ ಅವರು ಆ ಎರಡು ಕಲಮುಗಳನ್ನು ತೆಗೆದು, ಇಬ್ಬರನ್ನೂ ಬರಿಯ ‘ಹೆತ್ತವರು’ ಎಂದು ನಮೂದಿಸಿದ ಪ್ರಮಾಣಪತ್ರ ಕೊಡಬೇಕೆಂದು ಆದೇಶಿಸಿದರು. ಆಕಾಶ ಕಳಚಿ ಬೀಳಲಿಲ್ಲ.

ಅದೇ 2025ರಲ್ಲಿ ಇನ್ನೊಬ್ಬ ಟ್ರಾನ್ಸ್ ಪುರುಷ ತನ್ನ ಅಂಡಾಣುಗಳನ್ನು ತೆಗೆದಿರಿಸಲು ಅವಕಾಶ ಬೇಕೆಂದು ಕೇರಳ ಹೈಕೋರ್ಟಿನ ಮೊರೆಹೊಕ್ಕ. ಕೇಂದ್ರ ಸರಕಾರ ಅದನ್ನು ವಿರೋಧಿಸಿತು. ಕಾಯ್ದೆ ದಂಪತಿಗೂ ಒಂಟಿ ಮಹಿಳೆಗೂ ಮಾತ್ರ ಎಂಬುದು ಅದರ ವಾದ. ಯಾರನ್ನು ಹೊರಗಿಟ್ಟದ್ದಕ್ಕಾಗಿ ಕಾಯ್ದೆಯನ್ನು ಪ್ರಶ್ನಿಸಲಾಗಿದೆಯೋ, ಅವರನ್ನು ಕಾಯ್ದೆಯೇ ಹೊರಗಿಟ್ಟಿದೆ ಎಂದು ಉತ್ತರ ಕೊಡುವುದು! ಭಾಷಾವಾರು ಪ್ರಾಂತ ವಿಂಗಡಣೆಯ ಕಾಲದಿಂದಲೂ ನಾವು ಇಂಥ ಉತ್ತರಗಳನ್ನು ಕೇಳುತ್ತ ಬಂದವರು. ‘ನೀವು ಈ ಪಟ್ಟಿಯಲ್ಲಿಲ್ಲ, ಏಕೆಂದರೆ ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲ.’ ನ್ಯಾಯಾಲಯಕ್ಕೆ ಹೋದವನೊಬ್ಬನಿಗೆ ಸಿಗುವ ಪರಿಹಾರ ಅವನೊಬ್ಬನದು. ಕಾಯ್ದೆಯ ಅಕ್ಷರವನ್ನು ತಿದ್ದುವ ಹೊಣೆ ಸಂಸತ್ತಿನದು.

ಸರಕಾರಗಳು ಜನರ ಸಂತಾನಶಕ್ತಿಗೆ ಬೆಲೆ ಕಟ್ಟದೆ ಹೋದ ಕತೆ ಭಾರತದ್ದು ಮಾತ್ರವಲ್ಲ. ನಾಗರಿಕತೆಯ ಮಾದರಿಯೆಂದು ನಾವು ಹೊಗಳುವ ಸ್ವೀಡನ್ ದೇಶ 1972ರ ಕಾನೂನಿನಲ್ಲಿ, ಲಿಂಗ ಬದಲಾವಣೆಯನ್ನು ದಾಖಲಿಸಬೇಕಾದರೆ ಸಂತಾನಶಕ್ತಿ ಕಳೆದುಕೊಂಡಿರಬೇಕೆಂದು ವಿಧಿಸಿತ್ತು. 2013ರಲ್ಲಿ ಅದನ್ನು ರದ್ದುಮಾಡಿ, 2018ರಲ್ಲಿ ಸಂತ್ರಸ್ತರಿಗೆ ಪರಿಹಾರಧನ ಕೊಡಲು ಒಪ್ಪಿತು. ಜಪಾನಿನ ಸುಪ್ರೀಂ ಕೋರ್ಟು ಅಂಥದೇ ಷರತ್ತನ್ನು 2023ರ ಅಕ್ಟೋಬರಿನಲ್ಲಿ ಸಂವಿಧಾನಬಾಹಿರವೆಂದಿತು. ಅಲ್ಲಿ ಕಿತ್ತುಕೊಂಡರು, ಇಲ್ಲಿ ಕೇಳದೆ ಬಿಡುತ್ತಾರೆ. ಕೊನೆಯಲ್ಲಿ ಬರಿಗೈಯಲ್ಲಿ ನಿಲ್ಲುವವನಿಗೆ ವ್ಯತ್ಯಾಸವೇನು?

ಕಾಸರಗೋಡಿಗಂತೂ ಈ ನೋವು ತಿಳಿಯದ್ದಲ್ಲ. ಗೇರು ತೋಟಗಳ ಮೇಲೆ 2000ದವರೆಗೆ ಎರಡು ದಶಕಗಳಿಗೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಅಹಮದಾಬಾದಿನ ರಾಷ್ಟ್ರೀಯ ಸಂಸ್ಥೆಯ ವಿಜ್ಞಾನಿಗಳು ಗಂಡುಮಕ್ಕಳನ್ನು ಪರೀಕ್ಷಿಸಿ, ಅವರು ಪ್ರಾಯಕ್ಕೆ ಬರುವುದು ತಡವಾಗುತ್ತಿದೆಯೆಂದು 2003ರಲ್ಲಿ ಪ್ರಕಟಿಸಿದರು. ಆ ಊರಿನವರನ್ನು ಯಾರು ಕೇಳಿದ್ದರು? ಯಾವ ಕಾಗದಕ್ಕೆ ಅವರು ಸಹಿ ಹಾಕಿದ್ದರು? ಮೈಯೊಳಗಿನ ಸಂತಾನಶಕ್ತಿಯ ಮೇಲೆ ಬೇರೆಯವರು ತೀರ್ಮಾನ ಮಾಡುವುದು ಎಂಥ ಹಿಂಸೆಯೆಂದು ಇಡೀ ದೇಶಕ್ಕೆ ಹೇಳಿಕೊಟ್ಟ ಜಿಲ್ಲೆ ಇದು. ಒಂದು ಕಡೆ ವಿಷ, ಇನ್ನೊಂದು ಕಡೆ ಅವರೇ ಬಯಸಿ ಪಡೆಯುವ ಚಿಕಿತ್ಸೆ. ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ತಿಳಿಸಿ ಕೇಳಬೇಕೆಂಬ ನ್ಯಾಯ ಮಾತ್ರ ಎರಡು ಕಡೆಗೂ ಒಂದೇ.

ನನ್ನ ಮಾತಿಗೆ ಬರಬಹುದಾದ ಆಕ್ಷೇಪಗಳನ್ನು ಬಲ್ಲೆ.

‘ಮಗು ಬೇಕಿದ್ದರೆ ಹುಟ್ಟಿದ ಹಾಗೆಯೇ ಇರಬಹುದಲ್ಲ?’ ಎನ್ನುತ್ತಾರೆ. ಕ್ಯಾನ್ಸರಿಗೆ ಔಷಧಿ ಆರಂಭಿಸುವ ಮೊದಲು ಯುವಕನ ವೀರ್ಯವನ್ನು ತೆಗೆದಿರಿಸಿಕೊಳ್ಳಲು ವೈದ್ಯರು ಹೇಳುತ್ತಾರೆ. ‘ಮಗು ಬೇಕಿದ್ದರೆ ಔಷಧಿ ಬಿಡು’ ಎಂದು ಅವನಿಗೆ ಯಾರೂ ಹೇಳುವುದಿಲ್ಲ. ಚಿಕಿತ್ಸೆಯೂ ಬೇಕು, ಸಂತಾನದ ಆಸೆಯೂ ಇರಬಹುದು ಎಂದು ಅಲ್ಲಿ ಒಪ್ಪುವವರು ಇಲ್ಲಿ ಏಕೆ ಒಪ್ಪರು?

‘ಅಂಥ ಮನೆಯಲ್ಲಿ ಮಗುವಿನ ಗತಿಯೇನು?’ ಎನ್ನುವವರು ಇನ್ನು ಕೆಲವರು. ಬೇಕೆಂದು ವರ್ಷಗಟ್ಟಲೆ ಕಾದು, ಖರ್ಚುಮಾಡಿ ಪಡೆದ ಮಗುವಿನ ಬಗ್ಗೆ ಈ ಚಿಂತೆ. ಕುಡಿದು ಬಂದು ಹೊಡೆಯುವ ಅಪ್ಪನಿಗೆ ಮದುವೆ ಮಾಡಿಸುವಾಗ ಇದೇ ಚಿಂತೆ ನಮ್ಮ ಹಿರಿಯರನ್ನು ಕಾಡಿದ್ದನ್ನು ನಾನು ಕಾಣೆ.

‘ವಂಶ ಎಂದರೆ ಅಪ್ಪ, ಅಮ್ಮ, ಮಗ, ಅದನ್ನು ಕೆಡಿಸಬೇಡಿ’ ಎಂಬುದು ಮೂರನೆಯದು. ತುಳುನಾಡಿನ ಮಣ್ಣಿನಲ್ಲಿ ನಿಂತು ಈ ಮಾತು ಹೇಳುವವರಿಗೆ ಮರೆವು ಹೆಚ್ಚು. ನಮ್ಮ ಎಷ್ಟೋ ಮನೆತನಗಳಲ್ಲಿ ಅಳಿಯಸಂತಾನವಿತ್ತು. ಮಗನಿಗೆ ತಂದೆಯ ಮನೆಯ ಆಸ್ತಿಯಿರಲಿಲ್ಲ, ಸೋದರಮಾವನೇ ಯಜಮಾನ, ವಂಶ ನಡೆಯುತ್ತಿದ್ದುದು ಅಕ್ಕತಂಗಿಯರ ಮಕ್ಕಳಲ್ಲಿ. ಆ ಪದ್ಧತಿಯನ್ನು ಕಾನೂನಿನಿಂದ ರದ್ದುಮಾಡಿದ್ದೇ 1976ರ ಡಿಸೆಂಬರಿನಲ್ಲಿ. ಕುಟುಂಬಕ್ಕೆ ಒಂದೇ ಆಕಾರವೆಂದು ನಮಗೆ ನಾವೇ ಹೇಳಿಕೊಳ್ಳಲು ಆರಂಭಿಸಿ ಇನ್ನೂ ಎರಡು ತಲೆಮಾರು ಕಳೆದಿಲ್ಲ.

ನಾಲ್ಕನೆಯ ಅಪಾಯ ನನ್ನ ವಾದದಿಂದಲೇ ಹುಟ್ಟಬಹುದಾದದ್ದು, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ‘ಮೊದಲು ಮದುವೆಯಾಗಿ ಒಂದು ಮಗು ಆಗಲಿ, ಮತ್ತೆ ನೋಡುವ’ ಎಂದು ಮನೆಯವರು ಸಂತಾನದ ಮಾತನ್ನೇ ಹಗ್ಗ ಮಾಡಿ ಕಟ್ಟಬಹುದು. ಇದು ಇಬ್ಬರ ಬಾಳನ್ನು ಹಾಳುಮಾಡುವ ದಾರಿ, ಗೊತ್ತಿಲ್ಲದೆ ಕೊರಳೊಡ್ಡಿ ಬಂದವಳ ಬಾಳನ್ನೂ ಸೇರಿಸಿ. ಸಂತಾನವನ್ನು ಕಾಪಿಡುವ ಉಪಾಯಗಳು ಇರುವುದು ಚಿಕಿತ್ಸೆಯನ್ನು ಮುಂದೂಡಿಸಲಿಕ್ಕಲ್ಲ, ಮಗುವಿನ ಚಿಂತೆಯಿಂದ ಅದು ನಿಲ್ಲದಂತೆ ಮಾಡಲಿಕ್ಕೆ. ಹೆತ್ತವರು ಪ್ರಶ್ನೆ ಕೇಳಲಿ. ಉತ್ತರ ಕೊಡಬೇಕಾದವರು ಅವರಲ್ಲ.

ಹಾಗಾದರೆ ಏನಾಗಬೇಕು? ದೊಡ್ಡ ಬೇಡಿಕೆ ದಿಲ್ಲಿಯಲ್ಲಿದೆ: 2021ರ ಎರಡೂ ಕಾಯ್ದೆಗಳಲ್ಲಿ ದಂಪತಿ, ಮಹಿಳೆ ಎಂಬ ಪದಗಳ ಜಾಗದಲ್ಲಿ ‘ವ್ಯಕ್ತಿ’ ಎಂಬ ಪದ ಬರಬೇಕು. ತಿರುವನಂತಪುರದಲ್ಲಿರುವ ಬೇಡಿಕೆ ಅಷ್ಟು ದೊಡ್ಡದಲ್ಲ: ಶಸ್ತ್ರಚಿಕಿತ್ಸೆಗೆ ಕೊಡುವ ನೆರವಿನಲ್ಲಿ ವೀರ್ಯ, ಅಂಡಾಣುಗಳನ್ನು ಇಡುವ ಖರ್ಚನ್ನೂ ಸೇರಿಸಬೇಕು.

ಕಾಸರಗೋಡಿನ ಬೇಡಿಕೆ ಎಲ್ಲಕ್ಕಿಂತ ಚಿಕ್ಕದು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಡನೆ ತಮ್ಮ ಭಾಷೆಯಲ್ಲೇ ವ್ಯವಹರಿಸುವ ಹಕ್ಕನ್ನು ಕೊಟ್ಟಿದೆ. ಆ ಹಕ್ಕಿಗಾಗಿ ನಾವು ರೇಷನ್ ಕಾರ್ಡಿನಲ್ಲಿ, ಕಂದಾಯದ ರಶೀದಿಯಲ್ಲಿ, ಶಾಲೆಯ ಪಾಠಪುಸ್ತಕದಲ್ಲಿ ಹೋರಾಡಿದ್ದೇವೆ. ಆಸ್ಪತ್ರೆಯ ಸಮ್ಮತಿಪತ್ರಕ್ಕಾಗಿ ಹೋರಾಡಿದ್ದೇವೆಯೆ? ಮೈಯ ಒಂದು ಅಂಗವನ್ನು ತೆಗೆಯಲು ಒಪ್ಪಿಗೆ ಕೊಡುವ ಕಾಗದಕ್ಕಿಂತ ದೊಡ್ಡ ಸರಕಾರಿ ಕಾಗದ ಯಾವುದಿದೆ? ಜಿಲ್ಲಾಸ್ಪತ್ರೆಯಲ್ಲೂ ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿನಲ್ಲೂ ಈ ವಿಷಯದ ಕುರಿತು ಎರಡು ಪುಟದ ಒಂದು ಕನ್ನಡ ಕರಪತ್ರ ಸಿಗಬೇಕು, ಅದರ ಪಕ್ಕದಲ್ಲಿ ಮಲಯಾಳದ್ದೂ ಇರಬೇಕು. ಹಾರ್ಮೋನ್ ಬರೆದುಕೊಡುವ ವೈದ್ಯರು ಅದನ್ನು ಮೊದಲ ಭೇಟಿಯಲ್ಲೇ ಕೈಗೆ ಕೊಡಬೇಕು. ಸಮ್ಮತಿಪತ್ರ ಕನ್ನಡದಲ್ಲಿರಬೇಕು, ಸಂತಾನದ ಸಾಲು ಅದರ ಮೊದಲ ಪುಟದಲ್ಲಿರಬೇಕು. ಇದಕ್ಕೆ ಸಂಸತ್ತಿನ ತಿದ್ದುಪಡಿ ಬೇಡ. ಕನ್ನಡ ಬಲ್ಲ ಒಬ್ಬ ವೈದ್ಯರು, ಒಬ್ಬ ಅಧ್ಯಾಪಕರು, ಚಿಕಿತ್ಸೆ ಪಡೆದ ಒಬ್ಬರು ಒಟ್ಟಿಗೆ ಕುಳಿತರೆ ಒಂದು ವಾರದ ಕೆಲಸ.

ಕನ್ನಡ ಸಂಘಟನೆಗಳ ಹಿರಿಯರಲ್ಲಿ ನನ್ನ ನೇರ ಕೋರಿಕೆ: ಮುಂದಿನ ಬಾರಿ ಜಿಲ್ಲಾಧಿಕಾರಿಯವರಿಗೆ ಕೊಡುವ ನಿವೇದನೆಯಲ್ಲಿ ಈ ಕರಪತ್ರದ ಬೇಡಿಕೆಯನ್ನೂ ಒಂದು ಅಂಶವಾಗಿ ಸೇರಿಸಿ. ಬರೆದುಕೊಡಲು ಜನ ಸಾಲದಿದ್ದರೆ ನಾನಿದ್ದೇನೆ.